ಕಾರ್ಡಿನಲ್ಲಿರುವ ಉಸಿರು

ನವೆಂಬರ್ 24, 2025, ಸೋಮವಾರ

ಹೇಳದೆಯೇ ಎದ್ದು ಬರುವುದರಲ್ಲಿದ್ದೆ. ಡಾಕ್ಟರ್ ವಾಗ್ದೇವಿ ಕೇಳಿದ್ದು ಸರಳ ಪ್ರಶ್ನೆ: "ಗಾಡಿ ಓಡಿಸುವಾಗ ಯಾವತ್ತಾದರೂ ನಿದ್ದೆ ಬಂದದ್ದುಂಟಾ?" ಇವರು "ಇಲ್ಲ ಡಾಕ್ಟ್ರೇ, ಎಂತದ್ದೂ ಇಲ್ಲ" ಎಂದರು. ನಾನು ಕೈಚೀಲದ ಜಿಪ್ ನೋಡುತ್ತ ಕುಳಿತಿದ್ದೆ. ಚೀಟಿ ತೆಗೆದುಕೊಂಡು ಬಾಗಿಲ ತನಕ ಹೋದವಳು ತಿರುಗಿ ನಿಂತು ಹೇಳಿಬಿಟ್ಟೆ. ಸೆಪ್ಟೆಂಬರಿನಲ್ಲಿ ಆರಂಬೋಡಿಯ ತಿರುವಿನಲ್ಲಿ ನಮ್ಮ ಪಿಕಪ್ ಕೆಂಪುಕಲ್ಲಿನ ಗೋಡೆಗೆ ಹೋದದ್ದು ಬ್ರೇಕ್ ಹಿಡಿಯದೆ ಅಲ್ಲ, ಇವರಿಗೆ ನಿದ್ದೆ ಬಂದಿತ್ತು, ಮಗಳು ವಿಸ್ಮಿತಾ ಪಕ್ಕದಲ್ಲಿದ್ದಳು, ಅವಳು ಕಿರುಚಿದ ಮೇಲೆಯೇ ಇವರು ಕಣ್ಣು ಬಿಟ್ಟದ್ದು ಎಂದು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಹಾಗಾದರೆ ಗಾಡಿ ಬಂದ್. ನಾನು ಹೇಳುವ ತನಕ."

ಇವರದು ಗೊರಕೆಯವರ ಕಾಯಿಲೆ ಅಲ್ಲವಂತೆ. ಗೊರಕೆಯವರಿಗೆ ಗಂಟಲು ಮುಚ್ಚುತ್ತದೆ. ಇವರಿಗೆ ಗಂಟಲು ತೆರೆದೇ ಇರುತ್ತದೆ, ಉಸಿರಾಡು ಎಂದು ಮೆದುಳು ಹೇಳುವುದೇ ಇಲ್ಲ. ಪರೀಕ್ಷೆ ಮಾಡಿದ ರಾತ್ರಿ ಗಂಟೆಗೆ ನಲವತ್ತಾರು ಸಲ ಉಸಿರು ನಿಂತಿದೆ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿಸಿದಂದಿನಿಂದ ನಾನು ಪಕ್ಕದಲ್ಲಿ ಮಲಗಿ ಎಣಿಸುತ್ತ ಬಂದದ್ದು ಇದನ್ನೇ. ಇಪ್ಪತ್ತೈದು ಎಣಿಸುವಷ್ಟರಲ್ಲಿ ಉಸಿರು ಬಾರದಿದ್ದರೆ ಭುಜ ಮುಟ್ಟುತ್ತೇನೆ.

ಇವರು ಪಂಪ್‌ಸೆಟ್ ರಿಪೇರಿಯವರು. ಲಿಫ್ಟಿನಲ್ಲಿ, ಯಾರಿಗೆಂದಿಲ್ಲದೆ, "ಮೋಟಾರ್ ಸರಿ ಉಂಟು, ಸ್ಟಾರ್ಟರ್ ಕೈಕೊಟ್ಟದ್ದು" ಎಂದರು. ಮಂಗಳೂರಿನಿಂದ ಸಿದ್ಧಕಟ್ಟೆಗೆ ಬರುವ ಬಸ್ಸಿನಲ್ಲಿ ನನ್ನ ಪಕ್ಕ ಜಾಗವಿದ್ದರೂ ಮುಂದೆ ಹೋಗಿ ಕುಳಿತರು.

ಹೇಳಿದ್ದು ಸರಿಯೇ. ಆದರೆ ಬಾಗಿಲಿನಲ್ಲಿ ನಿಂತು, ಇವರ ಬೆನ್ನ ಹಿಂದಿನಿಂದ ಹೇಳಬೇಕಿತ್ತೇ?

ನವೆಂಬರ್ 27, ಗುರುವಾರ

ಬೆಳಿಗ್ಗೆ ಪಿಕಪ್ಪಿನ ಕೀ ತಂದು ನನ್ನ ಕಾಫಿ ಲೋಟದ ಪಕ್ಕ ಇಟ್ಟರು. "ತಗೊಳ್ಳಿ ಟೀಚರಮ್ಮ. ನಿಮ್ಮ ಹತ್ತಿರವೇ ಇರಲಿ."

ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತೊಂದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಇವರು ಟೀಚರಮ್ಮ ಎಂದು ಕರೆದದ್ದು ಇದೇ ಮೊದಲು.

ಗುರುವಾಯನಕೆರೆಯ ಅಂಗಡಿಗೆ ಈಗ ಕುಶಾಲಪ್ಪನ ಬೈಕಿನ ಹಿಂದೆ ಕುಳಿತು ಹೋಗುತ್ತಾರೆ. ಹತ್ತು ವರ್ಷದಿಂದ ಇವರ ಕೈಕೆಳಗೆ ದುಡಿಯುವ ಮನುಷ್ಯ. ಮೂರು ಹೆಚ್‌ಪಿ ಮೋಟಾರನ್ನು ಬೈಕಿನಲ್ಲಿ ತರಲು ಆಗುವುದಿಲ್ಲ, ರಿಕ್ಷಾ ಮಾಡಬೇಕು. ತೋಟದವರು ಕಾಯುವುದಿಲ್ಲ, ಬೇರೆಯವರನ್ನು ಕರೆಯುತ್ತಾರೆ.

ಕುಶಾಲಪ್ಪ ನನಗೆ ಮಾತ್ರ ಕೇಳುವ ಹಾಗೆ ಹೇಳಿದ: "ಅಕ್ಕ, ಭಟ್ರು ಹಿಂದೆ ಕೂತಲ್ಲೇ ತೂಕಡಿಸ್ತಾರೆ. ನಾನು ಮಾತಾಡ್ಸಿಕೊಂಡೇ ಬರ್ತೇನೆ. ನನಗೆ ಅಷ್ಟು ಸುದ್ದಿ ಎಲ್ಲಿಂದ?"

ಡಿಸೆಂಬರ್ 2, ಮಂಗಳವಾರ

ಡಾಕ್ಟರ್ ಹೇಳಿದ ಉಸಿರಿನ ಮೆಷಿನ್ ಮಾರುವ ಇಹ್ಸಾನ್ ಮಂಗಳೂರಿನಿಂದ ಬಂದಿದ್ದರು. ಮೂವತ್ತೈದರ ಆಸುಪಾಸಿನವರು, ತೂಗಿ ಮಾತಾಡುವವರು. ಎರಡು ಪೆಟ್ಟಿಗೆ ತಂದಿದ್ದರು. ದೊಡ್ಡ ಮೆಷಿನ್ ಉಸಿರನ್ನು ಕ್ಷಣಕ್ಷಣಕ್ಕೂ ನೋಡಿ, ಎಷ್ಟು ಬೇಕೋ ಅಷ್ಟೇ ಗಾಳಿ ಕೊಡುತ್ತದಂತೆ. ಇವರ ಕಾಯಿಲೆಗೆಂದೇ ಮಾಡಿದ ಹಾಗೆ ಉಂಟು. ಇವರ ಮುಖದಲ್ಲಿ ವಾರದ ನಂತರ ಸ್ವಲ್ಪ ಆಸೆ ಕಂಡೆ.

ಇಹ್ಸಾನ್ ಹೃದಯದ ಎಕೋ ರಿಪೋರ್ಟ್ ಕೇಳಿದರು. ಓದಿದರು. ಪೆಟ್ಟಿಗೆ ಮುಚ್ಚಿದರು.

"ಭಟ್ರೇ, ಹಾರ್ಟ್ ಮೂವತ್ತೆಂಟು ಪರ್ಸೆಂಟ್ ಪಂಪ್ ಮಾಡ್ತಾ ಉಂಟು. ನಲವತ್ತೈದರ ಕೆಳಗಿನವರಿಗೆ ಇದನ್ನು ಕೊಡ್ಲಿಕ್ಕಿಲ್ಲ. ಕೊಟ್ಟವರಲ್ಲಿ ಹಾರ್ಟಿನಿಂದ ತೀರಿಕೊಂಡವರು ಹೆಚ್ಚು ಅಂತ ದೊಡ್ಡ ಸ್ಟಡಿಯೇ ಆಗಿದೆ. ನಾನು ಮಾರುವವ. ಆದ್ರೂ ಹೇಳ್ತೇನೆ, ಬೇಡ."

"ಡಾಕ್ಟ್ರು?"

"ಅವರೂ ಅದನ್ನೇ ಹೇಳಿದ್ದು. ರಿಪೋರ್ಟ್ ನೋಡಿಯೇ ಇಡು ಅಂತ."

ಉಳಿದದ್ದು ಚಿಕ್ಕದು. ಅದು ಮುಖಕ್ಕೆ ಕಟ್ಟುವ ಮಾಸ್ಕಿನ ಮೂಲಕ ನಿಮಿಷಕ್ಕೆ ಹದಿನಾಲ್ಕು ಸಲ ಊದುತ್ತದೆ, ಇವರು ಉಸಿರು ಎಳೆಯಲಿ, ಎಳೆಯದಿರಲಿ. ಒಂದು ತಿಂಗಳು ಬಾಡಿಗೆಗೆ ಇಟ್ಟು ನೋಡುವುದು. ಮೆಷಿನಿನ ಬದಿಯಲ್ಲಿ ಉಗುರಿನಷ್ಟು ದೊಡ್ಡ ಕಾರ್ಡ್ ಉಂಟು. ಎಷ್ಟು ಗಂಟೆ ಹಾಕಿಕೊಂಡರು, ಎಷ್ಟು ಸಲ ಉಸಿರು ನಿಂತಿತು ಎಲ್ಲ ಅದರಲ್ಲಿ ಕೂರುತ್ತದೆ. ದಿನಕ್ಕೆ ಸರಾಸರಿ ನಾಲ್ಕು ಗಂಟೆಯಾದರೂ ಬೇಕು. ತಿಂಗಳಾದ ಮೇಲೆ ಕಾರ್ಡನ್ನು ಅಂಚೆಯಲ್ಲಿ ಕಳಿಸಿದರೆ ಡಾಕ್ಟರ್ ನೋಡಿ ಗಾಡಿಯ ವಿಷಯ ಹೇಳುತ್ತಾರೆ.

"ಅಟೆಂಡೆನ್ಸ್!" ಎಂದಳು ವಿಸ್ಮಿತಾ. "ಅಪ್ಪನಿಗೆ ಶಾರ್ಟೇಜ್ ಆದ್ರೆ ಅಮ್ಮನೇ ಹಾಲ್ ಟಿಕೆಟ್ ತಡೀತಾರೆ."

ಇವರು ನಗಲಿಲ್ಲ. ಮೆಷಿನನ್ನು ತಿರುಗಿಸಿ, ಅಡಿ ಮೇಲು ಮಾಡಿ, "ಇದಕ್ಕೆ ಫುಟ್ ವಾಲ್ವ್ ಎಲ್ಲಿ?" ಎಂದು ಪಂಪಿನ ಬಗ್ಗೆ ಕೇಳುವ ಹಾಗೆಯೇ ಇಹ್ಸಾನರನ್ನು ಕೇಳಿದರು.

ಡಿಸೆಂಬರ್ 3

ಒಂದು ಗಂಟೆ ಹತ್ತು ನಿಮಿಷ.

ಡಿಸೆಂಬರ್ 7, ಭಾನುವಾರ

ಐವತ್ತು ನಿಮಿಷ. ಎರಡು ಗಂಟೆ. ನಲವತ್ತು ನಿಮಿಷ. ಇವರು ತೆಗೆದೆಸೆಯುವುದು ಎಚ್ಚರದಲ್ಲಿ ಅಲ್ಲ. ನಿದ್ದೆಯಲ್ಲಿಯೇ ಪಟ್ಟಿ ಜಾರಿಸಿ ಮಾಸ್ಕನ್ನು ಗೋಡೆಯ ಕಡೆ ಒಗೆಯುತ್ತಾರೆ. ಬೆಳಿಗ್ಗೆ ಏನೂ ನೆನಪಿರುವುದಿಲ್ಲ. "ಮೂರು ಗಂಟೆಯಾದರೂ ಆಗಿರಬೇಕು" ಎಂದು ಮೆಷಿನಿನ ಪರದೆ ನೋಡುತ್ತಾರೆ.

ಮೀಸೆಯ ಕೆಳಗಿನಿಂದ ಗಾಳಿ ಸೋರುತ್ತದೆ ಎಂದು ಇಹ್ಸಾನ್ ಫೋನಿನಲ್ಲಿ ಹೇಳಿದರು. ನಾನು ಅದನ್ನು ಇವರಿಗೆ ಹೇಗೆ ಹೇಳಲಿ ಎಂದು ಎರಡು ದಿನ ಯೋಚಿಸಿದೆ. ಇವತ್ತು ಸ್ನಾನ ಮಾಡಿ ಹೊರಗೆ ಬಂದಾಗ ಮೀಸೆ ಇರಲಿಲ್ಲ. ನಮ್ಮಲ್ಲಿ ಗಂಡಸರು ಮೀಸೆ ತೆಗೆಯುವುದು ತಂದೆ ತಾಯಿ ಹೋದಾಗ. ಇವರ ತಂದೆ ತಾಯಿ ಹೋಗಿ ಎಷ್ಟೋ ವರ್ಷ ಆಯಿತು. ಸಂಜೆ ಹಾಲಿನ ಡೈರಿಯಲ್ಲಿ ಮೂರು ಜನ ಕೇಳಿದರಂತೆ: "ಯಾರು ತೀರಿಕೊಂಡದ್ದು ಭಟ್ರೇ?"

"ನೀವೆಂತ ಹೇಳಿದಿರಿ?"

"ಇನ್ನೂ ಇಲ್ಲ, ದಿನ ನೋಡ್ತಾ ಇದ್ದೇವೆ ಅಂತ ಹೇಳಿದೆ."

ಡಿಸೆಂಬರ್ 12, ಶುಕ್ರವಾರ

ಮೀಸೆ ಹೋದರೂ ಒಂದು ಗಂಟೆ ದಾಟಿಲ್ಲ. ಮೂಗಿನ ಮೇಲೆ ಗಾಯ. ನೆಲದಡಿಯ ಟ್ಯಾಂಕಿಗೆ ಬಿದ್ದ ಹಾಗೆ ಆಗುತ್ತದಂತೆ, ನಾವು ಉಸಿರು ಬಿಡುವ ಮೊದಲೇ ಅದು ಗಾಳಿ ತಳ್ಳುತ್ತದಂತೆ. "ನನ್ನ ಉಸಿರಿಗೆ ಇನ್ನೊಬ್ಬ ಯಜಮಾನ ಬಂದ ಹಾಗೆ, ಮಾರಾಯ್ತಿ."

ಮಾರಾಯ್ತಿ ಎಂದರು. ಟೀಚರಮ್ಮ ಅಲ್ಲ. ಅಷ್ಟಕ್ಕೇ ನನಗೆ ಸಮಾಧಾನ ಆಯಿತು. ಇಷ್ಟು ಕಡಿಮೆಗೆ ನಾನು ಯಾವಾಗ ಬಂದೆ?

ರಾತ್ರಿ ನನಗೆ ಎರಡು ಕೆಲಸ. ಮೊದಲು ಮಾಸ್ಕ್ ಬಿದ್ದ ಬೀಪ್ ಕೇಳಿ ಎದ್ದು ಮತ್ತೆ ಹಾಕುವುದು. ಇವರು ತಳ್ಳುತ್ತಾರೆ. ಆಮೇಲೆ ಬೆಳಗಿನ ತನಕ ಎಣಿಸುವುದು. ಇವತ್ತು ತರಗತಿಯಲ್ಲಿ ಲೆಡ್ಜರ್ ಬರೆಸುತ್ತ ನಡುವೆ ನಿಲ್ಲಿಸಿದ್ದೆನಂತೆ, ಎಷ್ಟು ಹೊತ್ತು ಎಂದು ಗೊತ್ತಿಲ್ಲ. ಮಕ್ಕಳು ಕಾಯುತ್ತಿದ್ದರು.

ಆಸ್ಪತ್ರೆಯ ನಂಬರಿನಲ್ಲಿ ಡಾಕ್ಟರಿಗೆ ಫೋನ್ ಮಾಡಿದೆ. ತಾಳ್ಮೆಯಿಂದಲೇ ಹೇಳಿದರು: "ವಸುಧಾ, ಇದಾಗದಿದ್ದರೆ ರಾತ್ರಿ ಆಕ್ಸಿಜನ್ ಒಂದು ಉಂಟು, ಆದರೆ ಅದರಿಂದ ಅಷ್ಟು ಪ್ರಯೋಜನ ನಾನು ನಿರೀಕ್ಷಿಸುವುದಿಲ್ಲ. ಗಾಡಿಯಂತೂ ಮತ್ತೆ ಮುಟ್ಟಲಿಕ್ಕಿಲ್ಲ."

ಡಿಸೆಂಬರ್ 15, ಸೋಮವಾರ

ಇದನ್ನು ಇದ್ದ ಹಾಗೆ ಬರೆಯಬೇಕು.

ನಿನ್ನೆ ರಾತ್ರಿ ಹನ್ನೊಂದಕ್ಕೇ ಇವರು ಮಾಸ್ಕ್ ಕಿತ್ತು ಒಗೆದರು. ನಾನು ಎತ್ತಿದೆ. ಇವರಿಗೆ ಹಾಕಲು ಮನಸ್ಸಾಗಲಿಲ್ಲ, ಮೂಗಿನ ಗಾಯದಲ್ಲಿ ರಕ್ತ ಇತ್ತು. ಇವರಿಗೆ ಇದರಲ್ಲಿ ಅಷ್ಟು ಕಷ್ಟವಾಗುವುದು ಏನು ಎಂದು ತಿಳಿಯಬೇಕು ಅನಿಸಿತು. ಬಟ್ಟೆಯಲ್ಲಿ ಒರೆಸಿ ನಾನು ಹಾಕಿಕೊಂಡೆ. ಐದು ನಿಮಿಷ ಎಂದುಕೊಂಡಿದ್ದೆ. ಮೊದಲು ಉಸಿರು ಕಟ್ಟಿತು. ಆಮೇಲೆ ಗಾಳಿಗೆ ಎದುರು ಹೋಗುವುದನ್ನು ಬಿಟ್ಟೆ. ಬಿಟ್ಟ ಕೂಡಲೇ ಅದೇ ಒಳಗೆ ಬಂತು, ಅದೇ ಹೊರಗೆ ಹೋಯಿತು. ಕಿವಿಯ ತುಂಬ ಸುಂಯ್ ಎಂಬ ಒಂದೇ ಶಬ್ದ.

ಎಚ್ಚರವಾದಾಗ ಐದೂವರೆ. ಮಾಸ್ಕ್ ತೆಗೆದು ಇವರ ದಿಂಬಿನ ಹತ್ತಿರ ಇಟ್ಟು ಒಲೆ ಹಚ್ಚಲು ಹೋದೆ.

ಇವರು ಅಡುಗೆಮನೆಗೆ ಮೆಷಿನನ್ನೇ ಎತ್ತಿಕೊಂಡು ಬಂದರು. ವಯರು ನೆಲದಲ್ಲಿ ಎಳೆಯುತ್ತಿತ್ತು. "ನೋಡು! ಆರು ಗಂಟೆ ಐದು ನಿಮಿಷ! ವಿಸ್ಮಿತಾ, ಬಾ ಇಲ್ಲಿ, ನಿನ್ನ ಅಪ್ಪ ಪಾಸು!" ವಿಸ್ಮಿತಾ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಬಂದು ಕುಣಿದಳು. "ನಾನು ಹೇಳಿರ್ಲಿಲ್ವಾ, ಯಾವ ಮೆಷಿನ್ ಆದ್ರೂ ಒಮ್ಮೆ ಕೈಗೆ ಹತ್ತಬೇಕು, ಅಷ್ಟೇ" ಎಂದರು ಇವರು. ಮೀಸೆಯಿಲ್ಲದ ಆ ಮುಖದಲ್ಲಿ ಅಷ್ಟು ಸಂತೋಷ.

ನಾನು ದೋಸೆ ತಿರುವಿ ಹಾಕಿದೆ.

ಡಿಸೆಂಬರ್ 16

ಹೇಳಲಿಲ್ಲ. ನಾಳೆ ಹೇಳುತ್ತೇನೆ. ಆರು ಗಂಟೆ ಇಪ್ಪತ್ತು ನಿಮಿಷ.

ಡಿಸೆಂಬರ್ 19, ಶುಕ್ರವಾರ

ಹಾಜರಿಯ ಹೊತ್ತಿನಲ್ಲಿ ಭವ್ಯಶ್ರೀ ತನ್ನ ಗೆಳತಿಯ ನಂಬರಿಗೂ "ಪ್ರೆಸೆಂಟ್ ಮ್ಯಾಮ್" ಎಂದಳು. ಎರಡು ಸ್ವರದಲ್ಲಿ ಹೇಳಿದರೆ ನನಗೆ ತಿಳಿಯುವುದಿಲ್ಲ ಎಂದುಕೊಂಡಿದ್ದಾಳೆ. ಸ್ಟಾಫ್ ರೂಮಿಗೆ ಕರೆಸಿದೆ.

"ಮ್ಯಾಮ್, ಅವಳ ಅಮ್ಮನಿಗೆ ಹುಷಾರಿಲ್ಲ. ಎಪ್ಪತ್ತೈದು ಪರ್ಸೆಂಟ್ ಆಗದಿದ್ರೆ ಪರೀಕ್ಷೆಗೆ ಕೂರ್ಲಿಕ್ಕೆ ಬಿಡುದಿಲ್ಲ ಅಲ್ವಾ."

"ನೀನು ಪ್ರಾಕ್ಸಿ ಕೊಟ್ಟರೆ ಅವಳಿಗೆ ಪಾಠ ಬಂದ ಹಾಗೆ ಆಯಿತಾ?"

ಅವಳು ಅತ್ತಳು. ಯಾವ ಯಾವ ದಿನ ಸುಳ್ಳು ಹಾಜರಿ ಕೊಟ್ಟೆ ಎಂದು ದಿನಾಂಕ ಹಾಕಿ, ಸ್ವಂತ ಕೈಬರಹದಲ್ಲಿ ಬರೆದು ತಾ ಎಂದೆ. ಯಾವಾಗಲೂ ಹಾಗೆಯೇ ಮಾಡುವುದು. ನಾಲ್ಕು ದಿನಾಂಕ ಬರೆದು ತಂದಳು. ನನ್ನ ಡ್ರಾಯರಿನಲ್ಲಿ ಇಟ್ಟಿದ್ದೇನೆ, ಪ್ರಿನ್ಸಿಪಾಲರಿಗೆ ಕೊಟ್ಟಿಲ್ಲ.

ನನ್ನದು ಐದು. ಇವತ್ತಿನದು ಸೇರಿದರೆ ಆರು.

ಈ ಪುಸ್ತಕವನ್ನು ಕನ್ನಡದಲ್ಲಿ ಬರೆಯುವುದಕ್ಕೆ ಕಾರಣ ಉಂಟು. ನನಗೆ ಇಂಗ್ಲಿಷೇ ಸಲೀಸು. ಆದರೆ ಇಂಗ್ಲಿಷಿನಲ್ಲಿದ್ದರೆ ವಿಸ್ಮಿತಾ ಒಂದೇ ನೋಟಕ್ಕೆ ಓದಿಬಿಡುತ್ತಾಳೆ. ಕನ್ನಡದ ಕೈಬರಹ ಓದುವ ತಾಳ್ಮೆ ಅವಳಿಗಿಲ್ಲ.

ಡಿಸೆಂಬರ್ 24, ಬುಧವಾರ

ಚೆನ್ನಾಗಿ ನಿದ್ದೆ ಬಂತು. ಕ್ರಿಸ್ಮಸ್ ರಜೆಗೆ ಪರದೆಗಳನ್ನೆಲ್ಲ ಒಗೆದು ಹಾಕಿದೆ, ಅಟ್ಟ ಗುಡಿಸಿದೆ, ಉಪ್ಪಿನಕಾಯಿ ಭರಣಿ ತೊಳೆದೆ. ನಾನು ಹಾಡು ಗುನುಗುತ್ತಿದ್ದೆನಂತೆ. "ಅಮ್ಮ, ಎಂತ ವಿಶೇಷ?" ಎಂದಳು ವಿಸ್ಮಿತಾ. ಎಂತದ್ದೂ ಇಲ್ಲ ಎಂದೆ.

ಇವರು ಈಗ ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಕುರ್ಚಿಯಲ್ಲಿಯೇ ನಾಲ್ಕರ ತನಕ ಮಲಗುತ್ತಾರೆ. ಚಪ್ಪಲಿಯ ಪಟ್ಟಿ ಪಾದದಲ್ಲಿ ಅಚ್ಚೊತ್ತಿತ್ತು, ಬಿಗಿಯಾಗಿದೆ, ಹೊಸದು ತೆಗೆದುಕೊಳ್ಳಬೇಕು.

ಒಂಬತ್ತೂವರೆಗೇ ಮಲಗಿಬಿಡುವ ಅನಿಸುತ್ತದೆ. ಮೊದಲೆಲ್ಲ ಹಾಸಿಗೆ ಕಂಡರೆ ಹೆದರಿಕೆ ಆಗುತ್ತಿತ್ತು.

ಡಿಸೆಂಬರ್ 30, ಮಂಗಳವಾರ

ಕಾರ್ಡ್ ಕಳಿಸುವ ದಿನ. ಇವತ್ತಾದರೂ ಹೇಳಬೇಕೆಂದು ಬೆಳಿಗ್ಗೆ ಎದ್ದದ್ದು. ಇವರೇ ಕಾರ್ಡನ್ನು ಹತ್ತಿಯಲ್ಲಿ ಸುತ್ತಿ, ಹಳೆಯ ಬೇರಿಂಗಿನ ಪುಟ್ಟ ಡಬ್ಬಿಯಲ್ಲಿಟ್ಟು, ಅದಕ್ಕೆ ಟೇಪ್ ಸುತ್ತಿ ಕೈಗೆ ಕೊಟ್ಟರು. ಕಾಲೇಜಿಗೆ ಹೋಗುವ ದಾರಿಯಲ್ಲಿ ಅಂಚೆ ಕಚೇರಿಯ ಮುಂದೆ ಐದು ನಿಮಿಷ ನಿಂತೆ. ಒಳಗಿದ್ದ ಜೈನಬಮ್ಮ, ನನ್ನ ವಿದ್ಯಾರ್ಥಿಯೊಬ್ಬನ ಅಜ್ಜಿ, "ಒಳಗೆ ಬನ್ನಿ ಟೀಚರೇ, ಬಿಸಿಲಿಗೆ ಯಾಕೆ ನಿಂತದ್ದು?" ಎಂದರು. ಒಳಗೆ ಹೋದೆ. ಹೋದ ಮೇಲೆ ಕಳಿಸದೆ ಬರುವುದು ಹೇಗೆ?

ಇದು ಕಾರಣ ಅಲ್ಲ. ಬರೆದಾಗ ಗೊತ್ತಾಗುತ್ತದೆ.

ಮೆಷಿನಿಗೆ ಇಹ್ಸಾನ್ ಕೊಟ್ಟ ಇನ್ನೊಂದು ಕಾರ್ಡ್ ಹಾಕಿದ್ದೇನೆ.

ಜನವರಿ 5, 2026, ಸೋಮವಾರ

ಡಾಕ್ಟರ್ ಇವರಿಗೇ ಫೋನ್ ಮಾಡಿದರು. ಇವರು ಸ್ಪೀಕರ್ ಹಾಕಿ ಊಟದ ಮೇಜಿನ ಮೇಲಿಟ್ಟರು. "ಮಹೇಶ್ವರ ಅವರೇ, ಮೊದಲೆರಡು ವಾರ ನೋಡಿ ನನಗೆ ಬೇಜಾರಾಗಿತ್ತು. ಹದಿನಾಲ್ಕರಿಂದ ಪೂರ್ತಿ ಬೇರೆ ಮನುಷ್ಯ! ನಲವತ್ತಾರು ಇದ್ದದ್ದು ಈಗ ಆರು. ಸೆಟ್ಟಿಂಗ್ ಹೀಗೇ ಇರಲಿ. ಹಗಲಿನಲ್ಲಿ, ನಿಧಾನವಾಗಿ, ಗಾಡಿ ಓಡಿಸಿ. ನಾನು ಹನ್ನೆರಡನೇ ತಾರೀಕಿನ ತನಕ ಊರಲ್ಲಿಲ್ಲ, ಬಂದ ಮೇಲೆ ಎಕೋ ಮಾಡುವ."

ಪೂರ್ತಿ ಬೇರೆ ಮನುಷ್ಯ ಎಂದರು.

ಇವರು ನನ್ನ ಮುಂದೆ ಕೈ ಚಾಚಿದರು. ನಾನು ಸಾಸಿವೆ ಡಬ್ಬಿಯ ಹಿಂದಿನಿಂದ ಕೀ ತೆಗೆದು ಕೊಟ್ಟೆ. "ನಿನ್ನ ಮೇಲೆ ಸಿಟ್ಟಿತ್ತು ಆಯ್ತಾ" ಎಂದರು. "ಈಗ ಇಲ್ಲ. ನೀನು ಹೇಳದಿದ್ರೆ ಮೆಷಿನ್ ಬರ್ತಿರ್ಲಿಲ್ಲ."

ನಾನು ಪಾಯಸ ಮಾಡಿದೆ. ಬೆಲ್ಲ ಹೆಚ್ಚಾಯಿತು.

ಜನವರಿ 7, ಬುಧವಾರ

ಎರಡು ದಿನದಿಂದ ಗಾಡಿಯಲ್ಲಿ ಹೋಗಿಬರುತ್ತಿದ್ದಾರೆ. ಕುಶಾಲಪ್ಪ ಮೋಟಾರು ಇಳಿಸಿಕೊಡಲು ಬಂದವನು ಚಾ ಕುಡಿಯುವಾಗ ಇವರೇ ನಗುತ್ತ ಹೇಳಿದರು: "ಇವತ್ತು ವೇಣೂರು ದಾಟಿದ್ದೇ ಗೊತ್ತಾಗ್ಲಿಲ್ಲ ಮಾರಾಯ. ಪೇಟೆ ಎಲ್ಲಿ ಹೋಯ್ತು ಅಂತ ನೋಡುವಾಗ ಆರಂಬೋಡಿ ಬಂದಿತ್ತು. ಅಷ್ಟು ಸ್ಮೂತ್ ಉಂಟು ಗಾಡಿ."

ಕುಶಾಲಪ್ಪ ನಗಲಿಲ್ಲ, ನನ್ನನ್ನು ನೋಡಿದ. ನಾನು ಲೋಟ ಎತ್ತಿಕೊಂಡು ಒಳಗೆ ಬಂದೆ.

ಜನವರಿ 8, ಗುರುವಾರ

ನಿನ್ನೆ ರಾತ್ರಿ ಕರೆಂಟ್ ಹೋಯಿತು. ಗಾಳಿ ನಿಂತದ್ದಕ್ಕೆ ನನಗೆ ಎಚ್ಚರವಾಯಿತು. ಮಾಸ್ಕ್ ತೆಗೆದೆ. ಮೂರು ವಾರದ ನಂತರ ಕೋಣೆಯಲ್ಲಿ ಸುಂಯ್ ಇರಲಿಲ್ಲ, ಇವರು ಮಾತ್ರ ಇದ್ದರು. ಸಣ್ಣ ಉಸಿರು, ದೊಡ್ಡ ಉಸಿರು, ಇನ್ನೂ ದೊಡ್ಡದು, ಮತ್ತೆ ಸಣ್ಣದು, ಆಮೇಲೆ ಏನೂ ಇಲ್ಲ. ತಾನಾಗಿಯೇ ಎಣಿಸತೊಡಗಿದೆ. ಇಪ್ಪತ್ತೈದಕ್ಕೆ ಭುಜ ಮುಟ್ಟಬೇಕಿತ್ತು. ಕೈ ಹೋಗಲಿಲ್ಲ. ಮೂವತ್ತು. ಮೂವತ್ತೈದು. ನಲವತ್ತೊಂದಕ್ಕೆ ಇವರೇ ಬೆಚ್ಚಿ ಉಸಿರೆಳೆದರು. ಇಷ್ಟು ದಿನವೂ ಇದು ನನ್ನ ಮೊಣಕೈಯ ಹತ್ತಿರವೇ ನಡೆಯುತ್ತಿತ್ತು. ಮೊದಲು ಇಪ್ಪತ್ತೈದು ದಾಟಿದರೇ ನಾನು ಬೆವರುತ್ತಿದ್ದೆ.

ಕರೆಂಟ್ ಬಂತು. ನಾನು ಮಾಸ್ಕ್ ಮತ್ತೆ ಹಾಕಿಕೊಂಡೆ. ಯಾಕೆ ಎಂದು ಗೊತ್ತಿಲ್ಲ.

ಇವತ್ತು ಬಿಡುವಿನ ಪೀರಿಯಡ್ಡಿನಲ್ಲಿ ಭವ್ಯಶ್ರೀಯ ಪತ್ರ ತೆಗೆದು ನೋಡಿದೆ. ಅದನ್ನು ನೋಡಿಕೊಂಡೇ ನನ್ನದು ಬರೆದೆ. "ಡಿಸೆಂಬರ್ 14ರ ರಾತ್ರಿಯಿಂದ ಕಾರ್ಡಿನಲ್ಲಿರುವುದು ಹೆಚ್ಚಿನಂಶ ನನ್ನ ಉಸಿರು. ನನ್ನ ಗಂಡ ಅರ್ಧ ಗಂಟೆಗಿಂತ ಹೆಚ್ಚು ಮಾಸ್ಕ್ ಹಾಕಿಲ್ಲ. ಇದು ಅವರಿಗೆ ತಿಳಿದಿಲ್ಲ. ಅವರ ಪಾದ ಊದಿದೆ. ನಿನ್ನೆ ಗಾಡಿ ಓಡಿಸುವಾಗ ಅವರಿಗೆ ಒಂದು ಪೇಟೆ ದಾಟಿದ್ದು ತಿಳಿಯಲಿಲ್ಲ." ದಿನಾಂಕಗಳನ್ನು ಒಂದೊಂದಾಗಿ ಹಾಕಿದೆ. ಇಪ್ಪತ್ತೈದು ಆದವು. ಕೊನೆಯಲ್ಲಿ "ಆ ದಿನಗಳಲ್ಲಿ ನನಗೆ ಬಹಳ ಒಳ್ಳೆಯ ನಿದ್ದೆ ಬಂತು" ಎಂದು ಬರೆದು ಹೊಡೆದು ಹಾಕಿದೆ. ಅದು ಡಾಕ್ಟರಿಗೆ ಯಾಕೆ?

ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರ್ ಹನ್ನೆರಡಕ್ಕೇ ಬರುವುದು, ಬರವಣಿಗೆಯಲ್ಲಿ ಕಳಿಸಿ ಎಂದಳು ಕೌಂಟರಿನ ಹುಡುಗಿ. ನಾಳೆ ಕಾಲೇಜಿನಲ್ಲಿ ಶಾರ್ಟೇಜ್ ಪಟ್ಟಿ ಕೊಡುವ ದಿನ ಬೇರೆ. ಪತ್ರ ಬೇಗ ಹಾಕಿದರೂ ಡಾಕ್ಟರ ಮೇಜಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಹಾಗಾಗಿ ಸೋಮವಾರ ಹಾಕಿದರೆ ಸಾಕು ಎಂದು ಲಕೋಟೆಯ ಹಿಂದೆ ಪೆನ್ಸಿಲಿನಲ್ಲಿ 12 ಎಂದು ಬರೆದೆ. ಇನ್ನು ನಾಲ್ಕು ರಾತ್ರಿ.

ಸಂಜೆ ವಿಸ್ಮಿತಾ ಬ್ಯಾಗ್ ತುಂಬಿಸುತ್ತಿದ್ದಳು. ಶನಿವಾರ ರಜೆ, ಅಂದು ಬೆಳಿಗ್ಗೆ ಅಳದಂಗಡಿಯ ಅವಳ ಅತ್ತೆಯ ಮನೆಗೆ.

"ಬಸ್ಸಿನಲ್ಲಿ ಹೋಗು."

"ಅಪ್ಪ ಅಂಗಡಿಗೆ ಹೋಗುವಾಗ ಬಿಡ್ತಾರೆ ಅಮ್ಮ. ಮುಂದಿನ ಸೀಟು ನನ್ನದು."

ಇವರು ಜಗಲಿಯಿಂದಲೇ ಕೂಗಿದರು: "ಕೂರಲಿ ಮಾರಾಯ್ತಿ. ಈಗ ನಿನ್ನ ಗಂಡ ಪಾಸಾದ ಡ್ರೈವರು."

ನನಗೆ ಗೊತ್ತುಂಟು, ಪತ್ರದಿಂದ ಏನೂ ಸರಿಯಾಗುವುದಿಲ್ಲ. ದೊಡ್ಡ ಮೆಷಿನ್ ಇವರಿಗೆ ಆಗುವುದಿಲ್ಲ, ಚಿಕ್ಕದನ್ನು ಇವರು ಇನ್ನು ಮುಟ್ಟಲಿಕ್ಕಿಲ್ಲ. ಕೀ ಮತ್ತೆ ನನ್ನ ಲೋಟದ ಪಕ್ಕಕ್ಕೆ ಬರುತ್ತದೆ. ಈ ಸಲ ಟೀಚರಮ್ಮ ಎಂದು ಕರೆಯುವಷ್ಟೂ ಮಾತಾಡಲಿಕ್ಕಿಲ್ಲ. ಮೂರು ವಾರ ಇವರು ಗೆದ್ದದ್ದೆಂದು ತಿಳಿದದ್ದು ನನ್ನ ನಿದ್ದೆಯಾಗಿತ್ತು ಎಂದು ಇವರ ಮುಖಕ್ಕೆ ಹೇಳಬೇಕು. ಬಾಗಿಲಿನಲ್ಲಿ ನಿಂತು, ಬೆನ್ನ ಹಿಂದಿನಿಂದ ಅಲ್ಲ. ಬೆಳಿಗ್ಗೆ ಇವರು ಗಾಡಿ ಹತ್ತುವ ಮೊದಲು ಎದುರು ಕುಳ್ಳಿರಿಸಿ ಪತ್ರವನ್ನು ಪೂರ್ತಿ ಓದಿ ಹೇಳುತ್ತೇನೆ. ಆಮೇಲೆ ನನಗೆ ಕಾಲೇಜಿನ ಏಳೂಮುಕ್ಕಾಲರ ಬಸ್ಸು.

ಮೆಷಿನಿನ ಪ್ಲಗ್ ತೆಗೆದಿದ್ದೇನೆ. ಒಂಬತ್ತೂವರೆ ಆಯಿತು, ಇವರು ಮಲಗಿದ್ದಾರೆ. ಉಸಿರು ನಿಲ್ಲುವುದು ಇಲ್ಲಿಗೆ ಕೇಳುತ್ತಿದೆ. ಹದಿನೆಂಟು. ಇಪ್ಪತ್ತು.

ಲಕೋಟೆಯ ಹಿಂದಿನ 12ನ್ನು ಉಜ್ಜಿ ತೆಗೆದೆ. ಪೆನ್ನಿನಲ್ಲಿ ಬರೆದೆ: ಅಂಚೆಗೆ ಹಾಕುವುದು ಜನವರಿ 9, ಶುಕ್ರವಾರ.